ಪೊಕೆಮಾನ್ ಗೋ: ಬೀದಿಗಿಳಿದ ಆಟ, ಪೋಷಕರು ತಿಳಿಯಬೇಕಾದದ್ದೇನು?

ಬೆಂಗಳೂರು: ವಿಜಯನಗರದಲ್ಲಿ ಮೆಟ್ರೊ ಹತ್ತಿದ ಬಾಲಕನೊಬ್ಬ ಕೆಂಗೇರಿಯಲ್ಲಿ ಇಳಿದರೂ ಈ ಆಟ ಆ ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಬಾಲಕ ಬಸವೇಶ್ವರನಗರದ ಉದ್ಯಾನದಲ್ಲಿ ನಾಲ್ಕು ಸುತ್ತು ನಡೆದರೆ ಆ ದೂರ ಅವನ ಖಾತೆಗೆ ಜಮೆಯಾಗುತ್ತದೆ. ಕುಳಿತು ಆಡುವ ವಿಡಿಯೋ ಗೇಮ್‌ಗಳ ನಡುವೆ ‘ಪೊಕೆಮಾನ್ ಗೋ’ ಭಿನ್ನವೆನಿಸಿದ್ದು ಇದೇ ಕಾರಣಕ್ಕೆ.

2016ರ ಜುಲೈ 6ರಂದು ಅಮೆರಿಕ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಆಟ ಆರಂಭವಾಯಿತು. ಭಾರತಕ್ಕೆ ಅದು ಅಧಿಕೃತವಾಗಿ ಬಂದದ್ದು ಡಿಸೆಂಬರ್ 14ರಂದು, ರಿಲಯನ್ಸ್ ಜಿಯೋ ಸಹಯೋಗದಲ್ಲಿ. ಆದರೆ ಬೆಂಗಳೂರಿನ ಯುವಜನ ಅಷ್ಟು ಕಾಲ ಕಾಯಲಿಲ್ಲ. ಜುಲೈನಲ್ಲೇ ಕಬ್ಬನ್ ಉದ್ಯಾನದಲ್ಲಿ ಮೊಬೈಲ್ ಹಿಡಿದ ಗುಂಪುಗಳು ಕಾಣಿಸಿಕೊಂಡವು.

ಹಳೆಯ ನಂಟು

ಈ ಉತ್ಸಾಹದ ಮೂಲ ಟಿವಿಯಲ್ಲಿದೆ. ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುತ್ತಿದ್ದ ಜಪಾನಿನ ಸತೋಷಿ ತಾಜಿರಿ ಆ ಹವ್ಯಾಸವನ್ನೇ ಆಟವಾಗಿಸಿದರು. 1996ರ ಫೆಬ್ರವರಿ 27ರಂದು ಬಂದ ಮೊದಲ ಆಟದಲ್ಲಿ 151 ಕಾಲ್ಪನಿಕ ಜೀವಿಗಳಿದ್ದವು. ಇಂದು ಆ ಸಂಖ್ಯೆ ಸಾವಿರ ದಾಟಿದೆ. 1997ರ ಏಪ್ರಿಲ್‌ನಲ್ಲಿ ಅನಿಮೆ ಸರಣಿ ಆರಂಭವಾಯಿತು. ಅದೇ ಡಿಸೆಂಬರ್‌ನಲ್ಲಿ ಒಂದು ಕಂತಿನ ಮಿನುಗುವ ದೃಶ್ಯ ನೋಡಿ ಜಪಾನಿನಲ್ಲಿ ಆರುನೂರಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದ್ದರಿಂದ ಪ್ರಸಾರ ನಾಲ್ಕು ತಿಂಗಳು ನಿಂತಿತ್ತು.

ಭಾರತದಲ್ಲಿ 2003ರಿಂದ ಕಾರ್ಟೂನ್ ನೆಟ್‌ವರ್ಕ್ ಈ ಸರಣಿಯನ್ನು ಪ್ರಸಾರ ಮಾಡಿತು. ಅಂದು ಶಾಲೆಯಿಂದ ಬಂದು ಟಿವಿ ಮುಂದೆ ಕೂರುತ್ತಿದ್ದ ಮಕ್ಕಳು 2016ರ ಹೊತ್ತಿಗೆ ಕಾಲೇಜು, ಕಚೇರಿ ಸೇರಿದ್ದರು. ಹೊಸ ಆಟ ಅವರಿಗೆ ಹಳೆಯ ಗೆಳೆಯನಂತೆ ಕಂಡದ್ದು ಸಹಜ.

ಆಟ ಹೇಗೆ?

ಮೊಬೈಲ್ ಪರದೆಯಲ್ಲಿ ನೈಜ ರಸ್ತೆಗಳ ನಕ್ಷೆ ಮೂಡುತ್ತದೆ. ನಡೆಯುತ್ತಾ ಹೋದಂತೆ ಜೀವಿಗಳು ಎದುರಾಗುತ್ತವೆ. ಚೆಂಡೆಸೆದು ಅವನ್ನು ಹಿಡಿಯಬೇಕು. ಆರಂಭದಲ್ಲಿ ಮೊಟ್ಟೆಗಳು ಒಡೆಯಲು 2, 5 ಅಥವಾ 10 ಕಿ.ಮೀ. ನಡೆಯಬೇಕಿತ್ತು. ವಾಹನದ ವೇಗದಲ್ಲಿ ಸಾಗಿದರೆ ಆ ದೂರ ಎಣಿಕೆಗೆ ಬಾರದು.

ಚೆಂಡು ಮುಂತಾದ ಸಾಮಗ್ರಿ ದೊರೆಯುವ ‘ಪೊಕೆಸ್ಟಾಪ್’ಗಳು ದೇವಾಲಯ, ಪ್ರತಿಮೆ, ಉದ್ಯಾನಗಳಂಥ ನೈಜ ತಾಣಗಳು. ಇವುಗಳಲ್ಲಿ ಬಹಳಷ್ಟನ್ನು ಗುರುತಿಸಿದವರು ಅದೇ ನಿಯಾಂಟಿಕ್ ಕಂಪನಿಯ ಹಿಂದಿನ ಆಟ ‘ಇಂಗ್ರೆಸ್’ ಆಡುತ್ತಿದ್ದ ಸಾಮಾನ್ಯ ಜನ. ಹೀಗಾಗಿ ಆಟಗಾರರು ಹೆಚ್ಚಿದ್ದ ಕಡೆ ತಾಣಗಳೂ ಹೆಚ್ಚು.

ಆಕ್ಷೇಪ, ಅಪಾಯ

ಪೂಜಾಸ್ಥಳಗಳಲ್ಲಿ ಮೊಟ್ಟೆ ತೋರಿಸುವುದು ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಅರ್ಜಿಯ ಮೇರೆಗೆ 2016ರ ಸೆಪ್ಟೆಂಬರ್‌ನಲ್ಲಿ ಗುಜರಾತ್ ಹೈಕೋರ್ಟ್ ನೋಟಿಸ್ ನೀಡಿತ್ತು. ಅಧಿಕೃತ ಬಿಡುಗಡೆಗೆ ಮುನ್ನ ಅನ್ಯ ತಾಣಗಳಿಂದ ಆಟ ಇಳಿಸಿಕೊಳ್ಳುವುದರಲ್ಲೂ ಅಪಾಯವಿತ್ತು. ಫೋನಿನ ಹತೋಟಿಯನ್ನು ಪರರ ಕೈಗೊಪ್ಪಿಸುವ ಕುತಂತ್ರಾಂಶ ಅಡಗಿದ್ದ ನಕಲಿ ಪ್ರತಿಯನ್ನು ಭದ್ರತಾ ತಜ್ಞರು ಆ ಜುಲೈನಲ್ಲೇ ಪತ್ತೆ ಹಚ್ಚಿದ್ದರು.

ಮಕ್ಕಳು ಮನೆಯಿಂದ ಹೊರಬಂದರು ಎಂಬುದು ಆಟಕ್ಕೆ ಸಿಕ್ಕ ಮೊದಲ ಪ್ರಶಂಸೆ. ಹೊರಬಂದು ಎಲ್ಲಿ ನಡೆಯಬೇಕು ಎಂಬುದು ನಮ್ಮ ನಗರದ ಪ್ರಶ್ನೆ. ರಾಜಾಜಿನಗರದ ಕಾರ್ಡ್ ರಸ್ತೆಯಂಥ ದಟ್ಟ ಸಂಚಾರದ ಕಡೆ ಪರದೆಯ ಮೇಲೆ ಕಣ್ಣಿಟ್ಟು ನಡೆಯುವುದು ದೊಡ್ಡವರಿಗೂ ಸುರಕ್ಷಿತವಲ್ಲ.

ಇನ್ನೊಂದು ಪ್ರಶ್ನೆ ಮಾಹಿತಿಯದು. ಮಗು ಎಲ್ಲಿದೆ ಎಂಬುದು ತಿಳಿಯದೆ ಈ ಆಟ ನಡೆಯದು. 2025ರಲ್ಲಿ ನಿಯಾಂಟಿಕ್‌ನ ಆಟಗಳ ವಿಭಾಗವು 350 ಕೋಟಿ ಡಾಲರ್‌ಗೆ ಸ್ಕೋಪ್ಲಿ ಕಂಪನಿಯ ಪಾಲಾಯಿತು. ಅಂದು ಒಬ್ಬರನ್ನು ನಂಬಿ ಖಾತೆ ತೆರೆದವರು ಇಂದು ಇನ್ನೊಬ್ಬರ ಗ್ರಾಹಕರು.

ಆದ್ದರಿಂದ ಪೋಷಕರು ಆಟವನ್ನು ಅಧಿಕೃತ ಆಪ್ ಸ್ಟೋರ್‌ನಿಂದಲೇ ಪಡೆಯುವುದು, ಹಣ ಪಾವತಿಗೆ ತಮ್ಮ ಅನುಮತಿ ಕಡ್ಡಾಯವಾಗುವಂತೆ ಫೋನ್ ಹೊಂದಿಸುವುದು, ಆಟದ ಜಾಗವನ್ನು ಉದ್ಯಾನಕ್ಕೆ ಸೀಮಿತಗೊಳಿಸುವುದು ಒಳಿತು. ಸಂಜೆ ಮಗುವಿನ ಜೊತೆಗೆ ತಾವೂ ನಾಲ್ಕು ಸುತ್ತು ಹಾಕಿದರೆ ಇನ್ನೂ ಒಳಿತು.