ಜನಜಂಗುಳಿಯಿಲ್ಲದ ಊರಿನಲ್ಲಿ ಮೂರು ದಿನ

ದಸರೆಯ ದಿನಗಳಲ್ಲಿ ನಾಡೆಲ್ಲ ಮೈಸೂರಿಗೆ ಬರುತ್ತದೆ. ಆಗ ಮೈಸೂರಿನವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ನಮ್ಮ ತಮ್ಮನ ಪತ್ನಿ. ಅದರ ಹಿಂದಿನ ವರ್ಷ ಅವರ ಕುಟುಂಬ ಹೆಸರಾಂತ ಗಿರಿಧಾಮವೊಂದಕ್ಕೆ ಹೋಗಿತ್ತು. ಘಟ್ಟದ ತಿರುವುಗಳಲ್ಲಿ ವಾಹನಗಳ ಸಾಲಿನ ನಡುವೆ ಅರ್ಧ ದಿನ, ದೋಣಿವಿಹಾರದ ಚೀಟಿಗಾಗಿ ಎರಡು ಗಂಟೆ, ಊಟದ ಮೇಜಿಗಾಗಿ ಒಂದು ಗಂಟೆ, ಹೀಗೆ ಕಾದು ಕಾದು, ಒಬ್ಬರ ಮೇಲೊಬ್ಬರು ರೇಗಿ, ಕೈಯಲ್ಲಿದ್ದ ಹಣವನ್ನೂ ಮನದಲ್ಲಿದ್ದ ನೆಮ್ಮದಿಯನ್ನೂ ಕಳೆದುಕೊಂಡು ಹಿಂದಿರುಗಿದ್ದರು. "ಫೋಟೋದಲ್ಲಿ ಮಾತ್ರ ಎಲ್ಲರೂ ನಗ್ತಾ ಇದ್ದೀವಿ ಫಾದರ್" ಎಂದು ಆಕೆ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿತ್ತು.

"ಈ ಬಾರಿ ಬೀದರಿಗೆ ಹೋಗೋಣ" ಎಂದೆವು. ಹಿಂದೊಮ್ಮೆ ಧ್ಯಾನಕೂಟ ನಡೆಸಿಕೊಡಲು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಕೋಟೆಯ ಮೇಲೆ ಕಳೆದ ನೆನಪು ನಮಗಿತ್ತು. ತಮ್ಮ ಹುಬ್ಬೇರಿಸಿದ. "ಬೀದರಿನಲ್ಲಿ ನೋಡೋದಕ್ಕೆ ಏನಿದೆ?" ಎಂದು ಕೇಳಿದ. ಕರ್ನಾಟಕದ ಭೂಪಟದ ನೆತ್ತಿಯ ಮೇಲಿರುವ ಈ ಊರಿನ ಬಗೆಗೆ ದಕ್ಷಿಣದವರಾದ ನಮ್ಮಲ್ಲಿ ಬಹುಪಾಲು ಮಂದಿ ಕೇಳುವ ಪ್ರಶ್ನೆಯೇ ಅದು.

ಇಲ್ಲಿ ಒಂದು ಮನೆಯ ಸಂಗತಿಯನ್ನು ಹೇಳಬೇಕಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಮೂರು ತಿಂಗಳ ಹಿಂದೆ ತಮ್ಮನ ಮನೆಯ ಬೀರುವಿನಲ್ಲಿಟ್ಟಿದ್ದ ಹಣ ಕಾಣೆಯಾಗಿತ್ತು. ಹದಿನಾರು ವರ್ಷದ ಮಗ ಆ ಕೋಣೆಯಿಂದ ಹೊರಬಂದದ್ದನ್ನು ಯಾರೋ ಕಂಡೆವೆಂದರು. ತಂದೆ ಕೈಯೆತ್ತಿದ. ಹದಿನೈದು ದಿನಗಳ ತರುವಾಯ ಅದೇ ಹಣ ಹಳೆಯ ಕಡತವೊಂದರ ನಡುವೆ ದೊರೆಯಿತು, ಅಲ್ಲಿಟ್ಟವನು ತಮ್ಮನೇ. ತಾನು ತಪ್ಪಿದೆನೆಂದು ಅವನಿಗೆ ಗೊತ್ತಾಯಿತು. ಆದರೆ ಅದನ್ನು ಮಗನ ಮುಂದೆ ಹೇಳುವ ಮಾತು ಮಾತ್ರ ನಾಲಗೆಗೆ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ತಂದೆ ಮಗನ ನಡುವೆ ಮಾತಿಲ್ಲ.

ಬೆಂಗಳೂರಿನಿಂದ ರಾತ್ರಿಯ ರೈಲನ್ನೇರಿ ಮರುದಿನ ಬೀದರ್ ಸೇರಿದೆವು. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಎತ್ತರದಲ್ಲಿರುವ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತ ಊರದು. ಅಕ್ಟೋಬರ್ ಮಾಸದ ಗಾಳಿ ಹಿತವಾಗಿತ್ತು. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಬಂಡೆಯನ್ನೇ ಕಡಿದು ಮಾಡಿದ ಮೂರು ಪದರದ ಕಂದಕವನ್ನು ದಾಟಿ ಕೋಟೆಯೊಳಗೆ ಕಾಲಿಟ್ಟಾಗ, ಅಷ್ಟು ವಿಶಾಲವಾದ ಅಂಗಳದಲ್ಲಿ ನಮ್ಮನ್ನು ಬಿಟ್ಟರೆ ಇದ್ದವರು ಹತ್ತಾರು ಮಂದಿ ಮಾತ್ರ. ರಂಗೀನ್ ಮಹಲಿನ ಬೀಗವನ್ನು ಕಾವಲುಗಾರರು ತಾವೇ ಬಂದು ತೆರೆದರು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯ ಮುಂದೆ ನಮ್ಮ ತಮ್ಮನ ಮಗಳು ಅರ್ಧ ಗಂಟೆ ನಿಂತಳು. ಹಿಂದಿನಿಂದ "ಮುಂದೆ ಹೋಗಿ" ಎಂದು ಕೂಗುವವರು ಯಾರೂ ಇರಲಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಕಲಿತ ಒಂದು ಸಂಗತಿ ಆಗ ನೆನಪಾಯಿತು. ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ವಿನೋದವನ್ನೂ ವಿರಾಮವನ್ನೂ ಬೇರೆ ಬೇರೆಯಾಗಿ ಕಾಣುತ್ತಾನೆ. ವಿನೋದವು ದುಡಿದು ದಣಿದವನಿಗೆ ಮದ್ದು. ಅದರ ಗುರಿ ಮತ್ತೆ ದುಡಿಮೆಯೇ. ವಿರಾಮವಾದರೋ ತನ್ನಲ್ಲಿ ತಾನೇ ಬೆಲೆಯುಳ್ಳದ್ದು. ವಿರಾಮಕ್ಕೆ ಗ್ರೀಕರು ಬಳಸಿದ 'ಸ್ಕೋಲೆ' ಎಂಬ ಪದದಿಂದಲೇ ನಾವಿಂದು ಬಳಸುವ 'ಸ್ಕೂಲ್' ಎಂಬ ಪದ ಹುಟ್ಟಿತು. ನಮ್ಮ ಪ್ರವಾಸಗಳು ಇಂದು ವಿನೋದವಾಗಿವೆ, ಕೆಲವೊಮ್ಮೆ ಇನ್ನೊಂದು ದುಡಿಮೆಯೇ ಆಗಿವೆ, ವಿರಾಮವಾಗುವುದು ಅಪರೂಪ.

ಎರಡನೆಯ ದಿನ ಮಹಮೂದ್ ಗವಾನನ ಮದರಸಾವನ್ನು ನೋಡಿದೆವು. ಪರ್ಷಿಯದ ಗಿಲಾನ್ ಪ್ರಾಂತದಲ್ಲಿ ಹುಟ್ಟಿ, ವ್ಯಾಪಾರಿಯಾಗಿ ಬಂದು, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದವನು ಗವಾನ್. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯ ಮೂರು ಅಂತಸ್ತಿನದು. ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳ ಅಲಂಕಾರ ಅಲ್ಲಲ್ಲಿ ಉಳಿದಿದೆ. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ನಿಂತಿರುವುದು ಒಂದೇ. ಔರಂಗಜೇಬನ ಕಾಲದಲ್ಲಿ ಇದನ್ನು ಮದ್ದಿನ ಉಗ್ರಾಣವಾಗಿ ಬಳಸಲಾಗಿ, ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು.

ನೆರಳಿನಲ್ಲಿ ಕುಳಿತು ಮಕ್ಕಳಿಗೆ ಗವಾನನ ಅಂತ್ಯದ ಕಥೆ ಹೇಳಿದೆವು. ಅವನ ಏಳಿಗೆಯನ್ನು ಸಹಿಸದ ಆಸ್ಥಾನಿಕರು ಖಾಲಿ ಕಾಗದವೊಂದರ ಮೇಲೆ ಅವನ ಮುದ್ರೆ ಬೀಳುವಂತೆ ಮಾಡಿ, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರವನ್ನು ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ನಿಜ ತಿಳಿದು ಕೊರಗಿದ ಸುಲ್ತಾನ ಮೂರನೆಯ ಮಹಮ್ಮದ್ ಷಾ ಒಂದು ವರ್ಷದೊಳಗೆ ತಾನೂ ತೀರಿಕೊಂಡನು.

ಹುಡುಗ ಅದುವರೆಗೆ ಸುಮ್ಮನಿದ್ದವನು ಕೇಳಿದ: "ಸುಲ್ತಾನ ಅವರನ್ನ ಒಂದು ಮಾತು ಕೇಳ್ಲೇ ಇಲ್ವಾ ದೊಡ್ಡಪ್ಪ?"

"ಕೇಳಿದ ಮಗು. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ. ಆದರೆ ಆ ಉತ್ತರವನ್ನು ಸುಲ್ತಾನ ಕಿವಿಗೆ ಹಾಕಿಕೊಳ್ಳಲಿಲ್ಲ."

ಯಾರೂ ಮತ್ತೆ ಮಾತಾಡಲಿಲ್ಲ. ನಾವು ಯಾವ ಉದ್ದೇಶವಿಟ್ಟೂ ಆ ಕಥೆಯನ್ನು ಹೇಳಿರಲಿಲ್ಲ. ಹೇಳಿದ ಮೇಲೆಯೇ ಅದು ಎಲ್ಲಿ ತಾಕಿತೆಂದು ನಮಗೆ ಹೊಳೆದದ್ದು. ತಮ್ಮ ಎದ್ದು ಆ ಒಂಟಿ ಮಿನಾರಿನ ಕಡೆಗೆ ನಡೆದು ಹೋದ.

ಸಂಜೆ ಬಿದರಿ ಕೆಲಸದ ಅಂಗಡಿಗೆ ಹೋದೆವು. ಸತುವಿನೊಂದಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಗೆರೆಗಳು ಕಾಣುವಂತೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲವೂ ಬೂದುಬಣ್ಣ. ಬೆಳ್ಳಿ ಯಾವುದು, ಸತು ಯಾವುದು ತಿಳಿಯದು. ಕೊನೆಗೆ ಕೋಟೆಯೊಳಗಿನ ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕದಡಿ, ಕಾಯಿಸಿ, ಅದರಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಒಳ್ಳೆಯ ಮಣ್ಣನ್ನು ಕುಶಲಕರ್ಮಿಗಳು ನಾಲಗೆಯ ರುಚಿಯಿಂದಲೇ ಗುರುತಿಸುತ್ತಾರೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಪಾತ್ರೆ ನೀರಿನಿಂದ ಮೇಲೆದ್ದಾಗ ತಂದೆ ಮಗ ಇಬ್ಬರೂ ಒಂದೇ ಉಸಿರಿನಲ್ಲಿ "ಆಹಾ" ಎಂದರು. ಮೂರು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ನುಡಿದ ಮೊದಲ ಮಾತು ಅದು.

ಮರುದಿನ ಬೆಳಗ್ಗೆ ಅಷ್ಟೂರಿನ ಬಹಮನಿ ಗೋರಿಗಳಿಗೆ ಹೋದೆವು. ಅಹಮದ್ ಷಾ ವಲಿಯ ಸಮಾಧಿಯೊಳಗಿನ ಚಾವಣಿಯ ಬಣ್ಣದ ಚಿತ್ರಗಳನ್ನು ಕಾವಲಿನ ಹಿರಿಯರೊಬ್ಬರು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ ತೋರಿಸಿದರು. ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವ ಲಿಂಗಾಯತರೂ ಇದ್ದಾರೆ. ಪ್ರತಿವರ್ಷದ ಉರುಸಿಗೆ ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಹಿರಿಯರು ಇದನ್ನೆಲ್ಲ ದಖನಿ ಬೆರೆತ ಕನ್ನಡದಲ್ಲಿ ವಿವರಿಸುತ್ತಿದ್ದಾಗ ಹೊರಗೆ ನೋಡಿದೆವು. ತಮ್ಮನೂ ಅವನ ಮಗನೂ ಗೋರಿಗಳ ಸಾಲಿನ ಆಚೆ, ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದರು. ಬಹಳ ಹೊತ್ತಿನ ಮೇಲೆ ಹಿಂದಿರುಗಿದರು. ಏನು ಮಾತಾಡಿದರೆಂದು ನಾವು ಕೇಳಲಿಲ್ಲ. ಹುಡುಗನ ಕಣ್ಣು ಕೆಂಪಾಗಿತ್ತು; ತಂದೆಯದೂ ಕೆಂಪಾಗಿತ್ತು.

ಇದೇ ಬೀದರಿಗೆ 1470ರ ದಶಕದ ಆರಂಭದಲ್ಲಿ ಅಫನಾಸಿ ನಿಕಿಟಿನ್ ಎಂಬ ರಷ್ಯನ್ ವ್ಯಾಪಾರಿ ಕುದುರೆ ಮಾರಲು ಬಂದಿದ್ದನು. ದಾರಿಯಲ್ಲಿ ದರೋಡೆಕೋರರು ಅವನ ಗ್ರಂಥಗಳನ್ನು ದೋಚಿದ್ದರಿಂದ ಪಾಸ್ಖ ಹಬ್ಬ ಯಾವ ದಿನ ಬರುವುದೆಂದು ಲೆಕ್ಕ ಹಾಕಲಾಗದೆ ಅವನು ಪರಿತಪಿಸಿದ್ದನ್ನು ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಗೊತ್ತಿಲ್ಲದ ಊರು ಮನುಷ್ಯನಿಗೆ ತಾನು ಕಳೆದುಕೊಂಡದ್ದು ಯಾವುದೆಂದು ತೋರಿಸಿಕೊಡುತ್ತದೆ.

ಬೀದರಿನಲ್ಲಿ ಎಲ್ಲವೂ ಸುಖವೆಂದು ನಾವು ಹೇಳುವುದಿಲ್ಲ. ಸ್ಮಾರಕಗಳ ಬಳಿ ಶುಚಿಯಾದ ಶೌಚಾಲಯಕ್ಕಾಗಿ ಹೆಣ್ಣುಮಕ್ಕಳು ಪರದಾಡಿದರು. ವಿವರಣೆಯ ಫಲಕಗಳು ಸಾಲವು. ಮೊದಲ ದಿನ ಮಕ್ಕಳಿಗೆ ಬೇಸರವೂ ಆಯಿತು. ಬೇಸಗೆಯಲ್ಲಿ ಬಿಸಿಲು ತಡೆಯಲಾಗದು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು. ಕುಡಿಯುವ ನೀರನ್ನು ಜೊತೆಗೊಯ್ಯಬೇಕು. ಹೋಗುವ ಮುನ್ನ ಊರಿನ ಚರಿತ್ರೆಯನ್ನು ಮನೆಯವರೆಲ್ಲ ಕುಳಿತು ಸ್ವಲ್ಪ ಓದಿಕೊಳ್ಳಬೇಕು. ನಮಗೆ ಸಮಯ ಸಾಲದೆ ಬಿಟ್ಟುಬಂದದ್ದೂ ಉಂಟು: ನೌಬಾದಿನ ಬಳಿ ನೆಲದಡಿಯಲ್ಲಿ ಸುರಂಗ ಕೊರೆದು ಅಂತರ್ಜಲವನ್ನು ಊರಿಗೆ ಹರಿಸಿದ ಕರೇಜ್ ಎಂಬ ವ್ಯವಸ್ಥೆ, ಗುರುನಾನಕರ ಹೆಸರಿನ ಝರಿ, ಎದೆಮಟ್ಟದ ನೀರಿನಲ್ಲಿ ನಡೆದು ಸೇರಬೇಕಾದ ನರಸಿಂಹನ ಗುಹೆ.

ಇಂತಹ ಲೇಖನ ಬರೆದು ಅಲ್ಲಿಗೂ ಜನಜಂಗುಳಿಯನ್ನು ಕಳುಹಿಸುತ್ತಿದ್ದೇವೆಯೇ ಎಂಬ ಅಳುಕು ನಮಗಿದೆ. ಆದರೆ ಬೀದರೇ ಆಗಬೇಕೆಂದಿಲ್ಲ. ಮುದಗಲ್ ಇದೆ, ಲಕ್ಕುಂಡಿ ಇದೆ, ಕೆಳದಿ ಇದೆ. ಎಲ್ಲರೂ ಹೋಗುವ ಕಡೆಗೆ ಎಲ್ಲರೂ ಹೋಗುವುದನ್ನು ಬಿಟ್ಟರೆ ಎಲ್ಲ ಊರುಗಳಿಗೂ ಉಸಿರಾಡಲು ಎಡೆಯಾದೀತು. ವಾಚಕ ಬಂಧುಗಳೇ, ಮುಂದಿನ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂದು ಯೋಚಿಸುವಾಗ, ಅಲ್ಲಿ ನೋಡಲು ಏನಿದೆ ಎಂದು ಕೇಳುವುದರ ಜೊತೆಗೆ, ಅಲ್ಲಿ ನಾವು ಪರಸ್ಪರ ಮಾತಾಡಲು ಎಡೆಯಿದೆಯೇ ಎಂದೂ ಕೇಳಿಕೊಳ್ಳಿರಿ. ನಿಮ್ಮ ಮನೆಯಲ್ಲಿಯೂ ಯಾರೋ ಒಬ್ಬರು ಹೇಳಬೇಕಾದ ಮಾತನ್ನು ಹೇಳದೆ ಕಾಯುತ್ತಿರಬಹುದು.