ಹೆಸರು ಬದಲಾದ ಹಡಗು, ಹೆಸರು ಬದಲಾದ ಹುಡುಗರು

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥಸ್ವಾಮಿ ದೇವಾಲಯದಿಂದ ಸ್ವಲ್ಪ ದೂರದಲ್ಲಿ, ಕಾವೇರಿಯ ಕಡೆಗಿನ ಗೋಡೆಯ ಬುಡದಲ್ಲಿ ಒಂದು ನೆಲಮಾಳಿಗೆಯಿದೆ. ಮೆಟ್ಟಿಲಿಳಿದು ಹೋದರೆ ಸುಣ್ಣ ಬಳಿದ ಕಮಾನುಗಳು, ಗೋಡೆಯಲ್ಲಿ ಕೈದಿಗಳನ್ನು ಬಿಗಿಯುತ್ತಿದ್ದ ಕಲ್ಲುಗಳು, ನೆಲದ ಮೇಲೆ ಒಂದು ಫಿರಂಗಿ ಕಾಣಸಿಗುತ್ತವೆ. ಇದೇ ಕರ್ನಲ್ ಬೈಲಿಯ ಸೆರೆಮನೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆಗೆ ಸೋತು ಸೆರೆಸಿಕ್ಕ ಬೈಲಿ, 1782ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ.

ಆದರೆ ಆ ಕಾಲದಲ್ಲಿ ಪಟ್ಟಣದಲ್ಲಿದ್ದ ಇಂಗ್ಲಿಷ್ ಕೈದಿಗಳೆಲ್ಲರೂ ನೆಲದ ಮೇಲೆ ಕಾದಾಡಿ ಸೋತವರಲ್ಲ. ಮೈಸೂರಿನ ಸೈನಿಕರ ಮುಖವನ್ನೇ ಯುದ್ಧದಲ್ಲಿ ಕಾಣದ ನಾವಿಕರೂ ಅವರ ನಡುವೆ ಇದ್ದರು. ಸಮುದ್ರದಿಂದ ಇಷ್ಟು ದೂರದ, ನದಿಯ ನಡುವಿನ ಈ ದ್ವೀಪಕ್ಕೆ ಹಡಗಿನ ಹುಡುಗರು ಬಂದದ್ದಾದರೂ ಹೇಗೆ? ಅದಕ್ಕೆ ಉತ್ತರ 'ಹ್ಯಾನಿಬಲ್' ಎಂಬ ಹಡಗಿನ ಕಥೆಯಲ್ಲಿದೆ.

ಸೆರೆಸಿಕ್ಕ ಹಡಗುಗಳ ಲೋಕ

ಹಾಯಿಹಡಗುಗಳ ಕಾಲದಲ್ಲಿ ಶತ್ರುವಿನ ಹಡಗನ್ನು ಮುಳುಗಿಸುವುದಕ್ಕಿಂತ ಹಿಡಿಯುವುದೇ ಲಾಭವಾಗಿತ್ತು. ಒಂದು ಯುದ್ಧನೌಕೆಗೆ ನೂರಾರು ಓಕ್ ಮರಗಳು, ವರ್ಷಗಟ್ಟಲೆ ಕೆಲಸ ಬೇಕಾಗುತ್ತಿತ್ತು. ಹಿಡಿದ ಹಡಗಿಗೆ ಬೆಲೆ ಕಟ್ಟಿ, ಆ ಹಣವನ್ನು ಕ್ಯಾಪ್ಟನ್‌ನಿಂದ ಹಿಡಿದು ಸಾಮಾನ್ಯ ನಾವಿಕನವರೆಗೆ ಹಂಚುವ ಪದ್ಧತಿಯಿತ್ತು. ಬಾವುಟ ಬದಲಿಸಿ, ಹೊಸ ಹೆಸರಿಟ್ಟರೆ ನಿನ್ನೆಯ ಶತ್ರುವಿನ ಹಡಗು ಇವತ್ತು ನಮ್ಮದು.

ಇದಕ್ಕೆ ಪ್ರಸಿದ್ಧ ಉದಾಹರಣೆ ಸ್ಪೇನಿನ 'ಮೆದೆಯಾ' ಎಂಬ ಫ್ರಿಗೇಟ್. ಫ್ರಿಗೇಟ್ ಎಂದರೆ ಪಹರೆಗೂ ಬೆನ್ನಟ್ಟುವುದಕ್ಕೂ ಬಳಸುತ್ತಿದ್ದ ಹಗುರವಾದ, ವೇಗದ ಯುದ್ಧನೌಕೆ. ದಕ್ಷಿಣ ಅಮೆರಿಕದಿಂದ ಹಣ ಹೊತ್ತು ಬರುತ್ತಿದ್ದ ಸ್ಪೇನಿನ ನಾಲ್ಕು ಫ್ರಿಗೇಟುಗಳನ್ನು 1804ರ ಅಕ್ಟೋಬರ್ 5ರಂದು ಬ್ರಿಟಿಷರು ಪೋರ್ಚುಗಲ್ಲಿನ ಬಳಿ ತಡೆದರು. ಒಂದು ಸಿಡಿದು ಮುಳುಗಿತು, ಮೂರು ಸೆರೆಸಿಕ್ಕವು. ಅವುಗಳಲ್ಲಿ ಮೆದೆಯಾ 'ಇಂಪೀರಿಯೂಸ್' ಎಂಬ ಹೆಸರು ಹೊತ್ತು, ಲಾರ್ಡ್ ಕಾಕ್ರೇನನ ಕೈಕೆಳಗೆ ಬ್ರಿಟಿಷ್ ನೌಕಾಪಡೆಗೆ ಕೀರ್ತಿ ತಂದಿತು. ಇಪ್ಪತ್ತೆರಡು ವರ್ಷ ಮೊದಲು ನಮ್ಮ ಕಡಲಿನಲ್ಲಿ ಇದೇ ಬಗೆಯ ಘಟನೆ ತಿರುಗುಮುರುಗಾಗಿ ನಡೆದಿತ್ತು. ಅಲ್ಲಿ ಸೆರೆಸಿಕ್ಕದ್ದು ಬ್ರಿಟಿಷರ ಹಡಗು.

ಹ್ಯಾನಿಬಲ್‌ನ ಪಾಡು

ದಕ್ಷಿಣ ಇಂಗ್ಲೆಂಡಿನ ಬಕ್ಲರ್ಸ್ ಹಾರ್ಡ್ ಎಂಬ ಹಳ್ಳಿಯಲ್ಲಿ ಕಟ್ಟಿದ ಹ್ಯಾನಿಬಲ್ 1779ರ ಡಿಸೆಂಬರಿನಲ್ಲಿ ನೀರಿಗಿಳಿಯಿತು. ಎರಡು ಅಂತಸ್ತುಗಳಲ್ಲಿ 50 ತೋಪುಗಳಿದ್ದ ಅದು ಫ್ರಿಗೇಟಿಗಿಂತ ದೊಡ್ಡದು, ಸಾಲುಗಟ್ಟಿ ಹೋರಾಡುವ ಮಹಾನೌಕೆಗಳಿಗಿಂತ ಚಿಕ್ಕದು.

ಅದು ಹಿಂದೂ ಮಹಾಸಾಗರಕ್ಕೆ ಬಂದ ವೇಳೆಗೆ ಹೈದರಾಲಿ ಇಂಗ್ಲಿಷರ ಮೇಲೆ ಎರಡನೆಯ ಮೈಸೂರು ಯುದ್ಧ ಸಾರಿಯಾಗಿತ್ತು. ನೆಲದ ಮೇಲೆ ಅವನ ಕುದುರೆ ಪಡೆಗೆ ಎದುರಿರಲಿಲ್ಲ. ಕಡಲಿನಲ್ಲಿ ಮಾತ್ರ ಅವನ ಕೈ ಸೋತಿತ್ತು. ಅವನು ಆಸ್ಥೆಯಿಂದ ಕಟ್ಟಿಸಿದ್ದ ಹಡಗುಗಳನ್ನು ಅಡ್ಮಿರಲ್ ಎಡ್ವರ್ಡ್ ಹ್ಯೂಸ್ 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿಯೇ ನಾಶಮಾಡಿದ್ದ. ಹೀಗಾಗಿ ಸಮುದ್ರದ ಕಡೆಯಿಂದ ಬರಬೇಕಾದ ಬೆಂಬಲಕ್ಕೆ ಹೈದರನು ಫ್ರೆಂಚರ ದಾರಿ ಕಾಯಬೇಕಾಯಿತು.

ಫ್ರೆಂಚ್ ನೌಕಾಪಡೆ ಮಾರಿಷಸ್ಸಿನಿಂದ ಹೊರಟು ಕೋರಮಂಡಲ ತೀರದ ಕಡೆಗೆ ಬರುತ್ತಿರುವಾಗ, 1782ರ ಜನವರಿಯಲ್ಲಿ, ಒಂಟಿಯಾಗಿ ಸಾಗುತ್ತಿದ್ದ ಹ್ಯಾನಿಬಲ್ ಅದರ ಕಣ್ಣಿಗೆ ಬಿತ್ತು. ಸಫ್ರೆನನ ಹಡಗುಗಳು ಬೆನ್ನಟ್ಟಿ ಹಿಡಿದವು. ಕ್ಯಾಪ್ಟನ್ ಅಲೆಕ್ಸಾಂಡರ್ ಕ್ರಿಸ್ಟಿ ಶರಣಾಗದೆ ಗತಿಯಿರಲಿಲ್ಲ. ಫ್ರೆಂಚರ ಬಳಿ ಆಗಲೇ 74 ತೋಪುಗಳ 'ಅನಿಬಾಲ್' ಇತ್ತು. ಆದ್ದರಿಂದ ಹೊಸದಕ್ಕೆ 'ಪೆತಿ ಅನಿಬಾಲ್', ಎಂದರೆ ಚಿಕ್ಕ ಹ್ಯಾನಿಬಲ್, ಎಂಬ ಹೆಸರಾಯಿತು.

ಸೆರೆಸಿಕ್ಕು ನಾಲ್ಕು ವಾರ ತುಂಬುವುದರೊಳಗೆ ಆ ಹಡಗು ತನ್ನ ಹಳೆಯ ಒಡೆಯರ ಮೇಲೆಯೇ ಗುಂಡು ಹಾರಿಸಿತು. 1782ರ ಫೆಬ್ರವರಿ 17ರಂದು ಸದರಾಸ್ ಬಳಿ ಸಫ್ರೆನ್ ಮತ್ತು ಹ್ಯೂಸ್ ಮೊದಲ ಸಲ ಎದುರಾದರು. ಪ್ರಾವಿಡಿಯನ್, ನಾಗಪಟ್ಟಣ, ತಿರುಕೋಣಮಲೆ, 1783ರ ಜೂನ್ 20ರಂದು ಕಡಲೂರು: ಹೀಗೆ ಐದು ಕಾಳಗಗಳು ನಡೆದವು. ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ಅಳಿಸಿದ ಹ್ಯೂಸನಿಗೆ ಈಗ ತನ್ನ ನಾಡಿನಲ್ಲಿಯೇ ಹುಟ್ಟಿದ ಹಡಗು ಎದುರಾಳಿಯಾಗಿತ್ತು. ಯುದ್ಧ ಮುಗಿದ ಮೇಲೂ ಅದು ಫ್ರೆಂಚರದಾಗಿಯೇ ಉಳಿಯಿತು.

ನಾವಿಕರು ಪಟ್ಟಣಕ್ಕೆ ಬಂದದ್ದು

ಹಡಗಿನಿಂದ ಫ್ರೆಂಚರಿಗೆ ಲಾಭವಾಯಿತು, ಅದರಲ್ಲಿದ್ದ ಜನ ಮಾತ್ರ ಹೊರೆಯಾದರು. ಸಫ್ರೆನನಿಗೆ ಈ ತೀರದಲ್ಲಿ ಭದ್ರವಾದ ಬಂದರಿರಲಿಲ್ಲ, ಕೈದಿಗಳಿಗೆ ಹಾಕುವಷ್ಟು ಧಾನ್ಯವಿರಲಿಲ್ಲ. ಕೈದಿಗಳ ವಿನಿಮಯಕ್ಕೆ ಮದರಾಸಿನ ಇಂಗ್ಲಿಷರೊಡನೆ ನಡೆದ ಮಾತುಕತೆ ಫಲಿಸಲಿಲ್ಲ. ಕೊನೆಗೆ 1782ರ ಆಗಸ್ಟಿನಲ್ಲಿ ಅವನು ನೂರಾರು ಮಂದಿಯನ್ನು ತನ್ನ ಮಿತ್ರ ಹೈದರನಿಗೆ ಒಪ್ಪಿಸಿಬಿಟ್ಟ. ಯುರೋಪಿನ ಒಂದು ರಾಜ್ಯ ಇನ್ನೊಂದರ ನಾವಿಕರನ್ನು ಭಾರತದ ದೊರೆಯ ಕೈಗೆ ಕೊಟ್ಟದ್ದು ಇಂಗ್ಲಿಷರನ್ನು ಕೆರಳಿಸಿತು.

ಹೀಗೆ ಹ್ಯಾನಿಬಲ್‌ನ ನಾವಿಕರು ಕಡಲ ತೀರ ಬಿಟ್ಟು, ಬೆಂಗಳೂರಿನ ಮಾರ್ಗವಾಗಿ ನಡೆಯುತ್ತಾ ಶ್ರೀರಂಗಪಟ್ಟಣ ಸೇರಿದರು. ಅವರಲ್ಲಿ ಹದಿಹರೆಯದ ಜೇಮ್ಸ್ ಸ್ಕರಿ ಒಬ್ಬ. ಎಳೆಯ ಹುಡುಗರನ್ನು ಬೇರೆ ಮಾಡಿ, ಸುನ್ನತಿ ಮಾಡಿಸಿ, ಮುಸ್ಲಿಂ ಹೆಸರು ಕೊಟ್ಟು 'ಚೇಲಾ' ಪಡೆಗಳಿಗೆ ಸೇರಿಸಲಾಯಿತು. ಶಿಷ್ಯ, ಅನುಚರ ಎಂಬ ಅರ್ಥದ ಆ ಮಾತು ಇಂದಿಗೂ ಕನ್ನಡದಲ್ಲಿ, ಕೊಂಚ ಹಗುರವಾಗಿ, ಬಳಕೆಯಲ್ಲಿದೆ. ಹಡಗಿಗೆ ಆದದ್ದೇ ಹುಡುಗರಿಗೂ ಆಯಿತು: ಹೆಸರು ಬದಲಾಯಿತು, ವೇಷ ಬದಲಾಯಿತು, ಒಡೆಯ ಬದಲಾದ.

1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಎರಡೂ ಕಡೆಯ ಕೈದಿಗಳ ಬಿಡುಗಡೆಯಾಗಬೇಕಿತ್ತು. ಬಹಳ ಜನ ಮನೆಯ ದಾರಿ ಹಿಡಿದರು. ಆದರೆ ಚೇಲಾ ಪಡೆಯ ಹುಡುಗರಲ್ಲಿ ಅನೇಕರು ಇಲ್ಲಿಯೇ ಉಳಿದರು. ಸ್ಕರಿ ತಪ್ಪಿಸಿಕೊಂಡದ್ದು ಮೂರನೆಯ ಮೈಸೂರು ಯುದ್ಧದ ಗದ್ದಲದಲ್ಲಿ, ಸುಮಾರು ಹತ್ತು ವರ್ಷಗಳ ನಂತರ. ಆ ವೇಳೆಗೆ ಅವನಿಗೆ ಕುರ್ಚಿಯ ಮೇಲೆ ಕೂರುವುದು, ಚಾಕು ಮುಳ್ಳುಚಮಚ ಹಿಡಿಯುವುದು ಮರೆತುಹೋಗಿತ್ತು. ಇಂಗ್ಲಿಷ್ ಮಾತು ತಡವರಿಸುತ್ತಿತ್ತು, ಮೈಬಣ್ಣ ಬಿಸಿಲಿಗೆ ಕಪ್ಪಾಗಿತ್ತು, ಯುರೋಪಿನ ಉಡುಪು ಹಿಡಿಸುತ್ತಿರಲಿಲ್ಲ.

ಅವನ ಸೆರೆವಾಸದ ಕಥನ ಲಂಡನ್ನಿನಲ್ಲಿ ಅಚ್ಚಾದದ್ದು 1824ರಲ್ಲಿ, ಟಿಪ್ಪು ಮಡಿದು 25 ವರ್ಷಗಳಾದ ಮೇಲೆ. ಟಿಪ್ಪುವನ್ನು ಕ್ರೂರಿಯೆಂದು ತೋರಿಸುವುದು ಕಂಪನಿ ಸರ್ಕಾರಕ್ಕೆ ಬೇಕಾಗಿದ್ದ ಕಾಲದ ಇಂಥ ಬರಹಗಳನ್ನು ಎಚ್ಚರದಿಂದಲೇ ಓದಬೇಕು. ಹಾಗೆಂದು ಒಬ್ಬ ಹುಡುಗ ಕಳೆದುಕೊಂಡ ಹತ್ತು ವರ್ಷಗಳು ಸುಳ್ಳಾಗುವುದಿಲ್ಲ. ಅದೇ ಯುದ್ಧದಲ್ಲಿ ಮೈಸೂರಿನ ಹಳ್ಳಿಗಳಿಂದ, ಕರ್ನಾಟಿಕ್ ಬಯಲಿನಿಂದ ಚದುರಿಹೋದವರಿಗೆ ಕಥೆ ಬರೆಯುವ ಅವಕಾಶವೂ ಸಿಗಲಿಲ್ಲ.

ಯುದ್ಧದ ಚರಿತ್ರೆಗಳಲ್ಲಿ ಹಡಗುಗಳ ಲೆಕ್ಕ ಚೊಕ್ಕವಾಗಿರುತ್ತದೆ. ಎಲ್ಲಿ ಕಟ್ಟಿದ್ದು, ಎಷ್ಟು ತೋಪು, ಯಾವ ದಿನ ಯಾರ ವಶವಾಯಿತು ಎಲ್ಲವೂ ಪುಸ್ತಕದಲ್ಲಿ ಸಿಗುತ್ತದೆ. ಮರದ ಹಡಗಿಗೆ ಹೊಸ ಹೆಸರು ಬರೆದರೆ ಹಳೆಯದರ ನೆನಪು ಕಾಡುವುದಿಲ್ಲ. ಮನುಷ್ಯನಿಗೆ ಹಾಗಲ್ಲ. ಬೈಲಿಯ ಸೆರೆಮನೆಯ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಮೊದಲು ಕಾಣುವುದು ಕಾವೇರಿ. ಅದು ಕಡಲಿಗೆ ಹರಿಯುವ ನೀರೆಂದು ಇಲ್ಲಿದ್ದ ನಾವಿಕರಿಗೂ ಗೊತ್ತಿದ್ದಿರಬೇಕು.