ಯಾವ ವಾದ್ಯ ಯಾವಾಗ ಸುಮ್ಮನಿರಬೇಕು

ಒಂದು ಹಾಡಿನ ಹಿಂದೆ ಸಾಹಿತ್ಯ ಬರೆದವರು, ರಾಗ ಹಾಕಿದವರು, ಹಾಡಿದವರು ಇರುತ್ತಾರೆಂದು ಎಲ್ಲರಿಗೂ ಗೊತ್ತು. ಇನ್ನೊಬ್ಬರೂ ಇರುತ್ತಾರೆ. ಪಲ್ಲವಿ ಮುಗಿದ ಮೇಲೆ ಕೊಳಲು ಬರಬೇಕೋ ವಯಲಿನ್ ಬರಬೇಕೋ, ಚರಣದ ಎರಡನೇ ಸಾಲಿನಲ್ಲಿ ತಬಲಾ ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸಿ, ಒಬ್ಬೊಬ್ಬ ವಾದಕನಿಗೂ ಅವನವನ ನೊಟೇಶನ್ ಬರೆದುಕೊಡುವ ಅರೇಂಜರ್. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡು ಸಂಸಾರ ನಡೆಸಿದವಳು ನಾನು. ಮದರಾಸಿನ ಸ್ಟುಡಿಯೋದಲ್ಲಿ ಸಾಲುಗಟ್ಟಿ ಕೂತ ವಯಲಿನ್ನಿನವರು ನುಡಿಸಿದ್ದ ಹಿನ್ನೆಲೆ ಸಂಗೀತವನ್ನು ನಾವು ಐದಾರು ಮಂದಿ ಪೆಂಡಾಲಿನ ವೇದಿಕೆ ಮೇಲೆ ನುಡಿಸಬೇಕಿತ್ತು. ಯಾವ ಸ್ವರ ಬಿಟ್ಟರೂ ಹಾಡು ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಜನ ಎದ್ದು ಹೋಗುತ್ತಾರೆ ಅನ್ನುವುದು ಹಾಗೆ ನುಡಿಸುತ್ತ ನುಡಿಸುತ್ತ ತಿಳಿಯುತ್ತದೆ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದ ಇಳಯರಾಜ ಮುಂದೆ ಏನಾದರೆಂಬುದನ್ನು ನೆನೆದರೆ ಸಾಕು, ಈ ಕೆಲಸ ಎಂಥ ಪಾಠಶಾಲೆ ಎಂಬುದು ಗೊತ್ತಾಗುತ್ತದೆ.

ಈ ವಿದ್ಯೆಯಲ್ಲಿ ನಾನು ಮನಸ್ಸಿನಲ್ಲೇ ಗುರುವೆಂದು ಇಟ್ಟುಕೊಂಡವರು ಅಮೆರಿಕದ ಕ್ವಿನ್ಸಿ ಜೋನ್ಸ್. 2024ರ ನವೆಂಬರ್ 3ರಂದು, 91ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಆಲ್ಬಮ್ ಮಾಡಿದವರು ಎಂದೇ ಹೆಚ್ಚಿನವರು ಅವರನ್ನು ಗುರುತಿಸಿದರು. ಅದು ನಿಜ. ಆದರೆ 'ಥ್ರಿಲ್ಲರ್' ಬಂದದ್ದು 1982ರಲ್ಲಿ. ಅಷ್ಟು ಹೊತ್ತಿಗೆ ಈ ಮನುಷ್ಯ ಮೂವತ್ತು ವರ್ಷ ದುಡಿದಾಗಿತ್ತು.

ಹುಟ್ಟಿದ್ದು 1933ರಲ್ಲಿ, ಷಿಕಾಗೋದ ಕರಿಯರ ಬಡ ಕೇರಿಯಲ್ಲಿ. ತಂದೆ ಬಡಗಿ. ತಾಯಿಗೆ ಮನೋರೋಗ, ಹುಡುಗ ಚಿಕ್ಕವನಿರುವಾಗಲೇ ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ತಂದೆಗೆ ಬ್ರೆಮರ್ಟನ್ನಿನ ನೌಕಾನೆಲೆಯಲ್ಲಿ ಕೆಲಸ ಸಿಕ್ಕಿ ಸಂಸಾರ ವಾಯವ್ಯದ ವಾಷಿಂಗ್ಟನ್ ರಾಜ್ಯಕ್ಕೆ ಹೋಯಿತು. ಹನ್ನೊಂದರ ವಯಸ್ಸಿನಲ್ಲಿ ತಿಂಡಿ ಕದಿಯಲು ಒಂದು ಕಟ್ಟಡಕ್ಕೆ ನುಗ್ಗಿ, ಕತ್ತಲ ಕೋಣೆಯಲ್ಲಿ ಪಿಯಾನೋ ಕಂಡು ಅದರ ಮೇಲೆ ಕೈಯಿಟ್ಟ ಕತೆಯನ್ನು ಅವರು ಕಡೆಯವರೆಗೂ ಹೇಳುತ್ತಿದ್ದರು. ಮುಂದೆ ಸಿಯಾಟಲ್‌ನಲ್ಲಿ, ಹದಿನಾಲ್ಕರ ಕ್ವಿನ್ಸಿಗೆ ಹದಿನಾರರ ಅಂಧ ಪಿಯಾನೋ ವಾದಕನೊಬ್ಬನ ಸ್ನೇಹವಾಯಿತು. ಹೆಸರು ರೇ ಚಾರ್ಲ್ಸ್. ಟ್ರಂಪೆಟ್, ಸ್ಯಾಕ್ಸೋಫೋನುಗಳ ಗುಂಪಿಗೆ ಸ್ವರ ಹಂಚುವುದು ಹೇಗೆಂಬುದರ ಮೊದಲ ಪಾಠ ಸಿಕ್ಕಿದ್ದು ಅವನಿಂದ. ಕಣ್ಣಿಲ್ಲದವನು ಬರೆಯುವುದನ್ನು ಕಲಿಸಿದ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಬಾಸ್ಟನ್ನಿನಲ್ಲಿ ಓದು, ಲಯೊನೆಲ್ ಹ್ಯಾಂಪ್ಟನ್‌ರ ಜಾಝ್ ತಂಡದಲ್ಲಿ ಟ್ರಂಪೆಟ್, ಜಾಝ್ ವಾದಕ ಡಿಜ್ಜಿ ಗಿಲೆಸ್ಪಿಯ ಜೊತೆ ದೇಶ ಸುತ್ತಾಟ. 1957ರಲ್ಲಿ ಪ್ಯಾರಿಸ್‌ಗೆ ಹೋಗಿ ನಾಡಿಯಾ ಬೂಲಾಂಜೆ ಎಂಬ ಮಹಾಶಿಕ್ಷಕಿಯ ಬಳಿ ಕಲಿತರು. ಆಗಲೇ ಹೆಸರು ಮಾಡಿದ್ದ ವಾದಕ ಮತ್ತೆ ಶಿಷ್ಯನಾಗಿ ಕೂರುವುದು ಸುಲಭವಲ್ಲ. ತಂತಿವಾದ್ಯಗಳಿಗೆ ಬರೆಯುವುದನ್ನು ಕಲಿಯಬೇಕೆಂಬ ಹಸಿವು ಅವರನ್ನು ಕೂರಿಸಿತು. ಆ ದಿನಗಳ ಅಮೆರಿಕದ ಸ್ಟುಡಿಯೋಗಳಲ್ಲಿ ಕರಿಯ ಅರೇಂಜರ್‌ಗೆ ಟ್ರಂಪೆಟ್‌ನಂಥ ಬ್ರಾಸ್ ವಾದ್ಯಗಳ ಕೆಲಸ ಕೊಟ್ಟಾರೇ ಹೊರತು ವಯಲಿನ್ನುಗಳನ್ನು ಒಪ್ಪಿಸುವುದು ಅಪರೂಪವಾಗಿತ್ತು.

ಅಲ್ಲಿಂದ ನೇರ ಮೇಲೆ ಹೋದರೆಂದಲ್ಲ. ಸಂಗೀತ ನಾಟಕವೊಂದಕ್ಕಾಗಿ ದೊಡ್ಡ ತಂಡ ಕಟ್ಟಿಕೊಂಡು ಯೂರೋಪಿಗೆ ಹೋದರು. 1960ರ ಆರಂಭದಲ್ಲಿ ಆ ನಾಟಕ ನಿಂತುಹೋಯಿತು. ವಾದಕರನ್ನು, ಅವರ ಹೆಂಡತಿ ಮಕ್ಕಳನ್ನು ಪರದೇಶದಲ್ಲಿ ಬಿಟ್ಟು ಬರಲಾರದೆ ಊರಿಂದೂರಿಗೆ ಕಾರ್ಯಕ್ರಮ ಕೊಡುತ್ತ ತಿಂಗಳುಗಟ್ಟಲೆ ಎಳೆದರು. ಮನೆಗೆ ಬಂದದ್ದು ಕುತ್ತಿಗೆವರೆಗೆ ಸಾಲ ಹೊತ್ತು. ತಂಡ ಕಟ್ಟಿದವರಿಗೆಲ್ಲ ಈ ನೋವು ಗೊತ್ತು. ಆಮೇಲೆ ಮರ್ಕ್ಯುರಿ ರೆಕಾರ್ಡ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. 1963ರಲ್ಲಿ ಲೆಸ್ಲಿ ಗೋರ್ ಎಂಬ ಹದಿಹರೆಯದ ಹುಡುಗಿಯಿಂದ ಹಾಡಿಸಿದ 'ಇಟ್ಸ್ ಮೈ ಪಾರ್ಟಿ' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಅದೇ ಕಂಪನಿಯ ಉಪಾಧ್ಯಕ್ಷ. ಬಿಳಿಯರ ಒಡೆತನದ ದೊಡ್ಡ ರೆಕಾರ್ಡ್ ಕಂಪನಿಯಲ್ಲಿ ಕರಿಯರೊಬ್ಬರು ಅಂಥ ಕುರ್ಚಿಯಲ್ಲಿ ಕೂತದ್ದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

ಅರೇಂಜರ್ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ನಾನು ಅದೇ 1964ರ ಒಂದು ಹಾಡು ಕೇಳಿಸುತ್ತೇನೆ: ಫ್ರಾಂಕ್ ಸಿನಾಟ್ರಾ ಹಾಡಿದ 'ಫ್ಲೈ ಮಿ ಟು ದ ಮೂನ್'. ಬಾರ್ಟ್ ಹೋವರ್ಡ್ ಇದನ್ನು ಬರೆದದ್ದು ಹತ್ತು ವರ್ಷ ಮೊದಲು, ಮೂರು ಎಣಿಕೆಯ ನಿಧಾನ ವಾಲ್ಟ್ಜ್ ಆಗಿ. ಕ್ವಿನ್ಸಿ ಅದನ್ನು ನಾಲ್ಕರ ಎಣಿಕೆಗೆ ತಂದು, ವೇಗ ಏರಿಸಿ, ಕೌಂಟ್ ಬೇಸಿಯ ಜಾಝ್ ತಂಡದ ಕೈಗಿಟ್ಟರು. ನಮ್ಮ ಕಡೆ ರೂಪಕ ತಾಳದ ಹಾಡನ್ನು ಆದಿತಾಳಕ್ಕೆ ತಿರುಗಿಸಿದಂತೆ. ಸಾಹಿತ್ಯ ಒಂದಕ್ಷರ ಬದಲಾಗದಿದ್ದರೂ ಹಾಡಿನ ಮೈಕಟ್ಟೇ ಬೇರೆ. ಕೇಳಿ ನೋಡಿ: ಆರಂಭದಲ್ಲಿ ಬ್ರಾಸ್ ವಾದ್ಯಗಳು ಹೆಚ್ಚುಕಡಿಮೆ ಬಾಯಿ ಬಿಡುವುದಿಲ್ಲ. ಗಾಯಕನಿಗೆ ಜಾಗ. ಸಾಲು ಮುಗಿದ ಸಂದಿಯಲ್ಲಿ ಕೊಳಲು ಹಗುರವಾಗಿ ಇಣುಕಿ ಹೋಗುತ್ತದೆ. ಅದೇ ಸಾಹಿತ್ಯ ಎರಡನೇ ಸಲ ಬರುವ ಹೊತ್ತಿಗೆ ಇಡೀ ಟ್ರಂಪೆಟ್ ಸಾಲು ಒಮ್ಮೆಲೇ ಎದ್ದು ನಿಲ್ಲುತ್ತದೆ. ಮೊದಲೇ ಎಲ್ಲರನ್ನೂ ನುಡಿಸಿದ್ದರೆ ಆ ಏಟು ಬೀಳುತ್ತಿರಲಿಲ್ಲ.

ಸಿನಿಮಾಕ್ಕೆ ಹಿನ್ನೆಲೆ ಸಂಗೀತ, ಟಿ.ವಿ.ಗೆ ಶೀರ್ಷಿಕೆ ಸಂಗೀತ, ಸ್ವಂತ ರಚನೆಗಳು, ಎಲ್ಲವನ್ನೂ ಮಾಡಿದರು. 1974ರಲ್ಲಿ ಮೆದುಳಿನ ರಕ್ತನಾಳ ಒಡೆದು ಎರಡು ಶಸ್ತ್ರಚಿಕಿತ್ಸೆ ಆಯಿತು. ಬದುಕಿದರು, ಆದರೆ ಮತ್ತೆ ಟ್ರಂಪೆಟ್ ಊದುವಂತಿರಲಿಲ್ಲ. ಎಂಟು ವರ್ಷಗಳ ನಂತರ 'ಥ್ರಿಲ್ಲರ್'.

ಇಲ್ಲಿ ಅವರದು ಪ್ರೊಡ್ಯೂಸರ್ ಕೆಲಸ. ಸಿನಿಮಾದಲ್ಲಿ ನಿರ್ಮಾಪಕ ಹಣ ಹಾಕುತ್ತಾನೆ. ಧ್ವನಿಮುದ್ರಣದಲ್ಲಿ ಪ್ರೊಡ್ಯೂಸರ್ ಎಂದರೆ ಹಾಡು ಆರಿಸಿ, ಆಳುಗಳನ್ನು ಆರಿಸಿ, ಯಾವ ಟೇಕ್ ಉಳಿಯಬೇಕೆಂದು ಕಡೆಯ ಮಾತು ಹೇಳುವವನು. ಹಾಡು ಬರೆಯಲು ಇಂಗ್ಲೆಂಡಿನ ರಾಡ್ ಟೆಂಪರ್ಟನ್, ಧ್ವನಿಮುದ್ರಣಕ್ಕೆ ಬ್ರೂಸ್ ಸ್ವೀಡಿಯನ್, 'ಬೀಟ್ ಇಟ್'ಗೆ ರಾಕ್ ಗಿಟಾರಿನ ಎಡ್ಡಿ ವ್ಯಾನ್ ಹೇಲನ್. ಈ ಜೋಡಣೆಯೇ ಅರ್ಧ ಅರೇಂಜ್‌ಮೆಂಟ್. 'ಪಿ.ವೈ.ಟಿ.' ಹಾಡನ್ನು ಜೇಮ್ಸ್ ಇಂಗ್ರಾಮ್ ಜೊತೆಗೂಡಿ ತಾವೇ ಬರೆದರು.

'ಬಿಲ್ಲಿ ಜೀನ್' ಜಾಕ್ಸನ್‌ನ ಸ್ವಂತ ರಚನೆ. ಮೊದಲು ಬರೀ ಡ್ರಮ್ಸ್. ಆಮೇಲೆ ಬೇಸ್ ಗಿಟಾರ್. ಆಮೇಲೆ ಕೀಬೋರ್ಡಿನ ತುಂಡು ತುಂಡು ಸ್ವರಗುಚ್ಛಗಳು. ದನಿ ಬರುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. ಈ ಆರಂಭ ಉದ್ದವಾಯಿತು, ಕತ್ತರಿಸು ಎಂದರು ಕ್ವಿನ್ಸಿ. ಇದನ್ನು ಕೇಳಿದರೇನೇ ನನಗೆ ಕುಣಿಯಬೇಕೆನಿಸುವುದು ಎಂದ ಮೈಕಲ್. ಕ್ವಿನ್ಸಿ ಬಿಟ್ಟುಕೊಟ್ಟರು. ಕುಣಿಯುವವನೇ ಹಾಗೆ ಹೇಳಿದ ಮೇಲೆ ವಾದ ಮಾಡುವಂತಿಲ್ಲ ಎಂದು ಬಲ್ಲವರೇ ದೊಡ್ಡ ಪ್ರೊಡ್ಯೂಸರ್. ಇದೇ ಹಾಡನ್ನು ಸ್ವೀಡಿಯನ್, ದನಿ ಮತ್ತು ವಾದ್ಯಗಳ ಪ್ರಮಾಣ ಹೊಂದಿಸುತ್ತ, 91 ಸಲ ಮಿಕ್ಸ್ ಮಾಡಿ, ಕಡೆಗೆ ಎರಡನೆಯದನ್ನೇ ಉಳಿಸಿಕೊಂಡರು.

ಎಲ್ಲ ಮುಗಿಯಿತೆಂದು ಕೂತು ಕೇಳಿದಾಗ ಆಲ್ಬಮ್ ಸಪ್ಪೆಯಾಗಿತ್ತು. ಕಾರಣ ಗ್ರಾಮಫೋನ್ ತಟ್ಟೆಯ ಗೆರೆಗಳಲ್ಲಿತ್ತು. ಒಂದು ಬದಿಗೆ ಸುಮಾರು 20 ನಿಮಿಷ ದಾಟಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ದನಿ ತಗ್ಗುತ್ತದೆ, ಬೇಸ್ ಸೊರಗುತ್ತದೆ. ಬಿಡುಗಡೆಯ ದಿನ ಹತ್ತಿರವಿದ್ದರೂ ಕ್ವಿನ್ಸಿ ನಿಲ್ಲಿಸಿದರು. ಹಾಡುಗಳಿಂದ ತುಣುಕುಗಳನ್ನು ಕಿತ್ತು ಹಾಕಿ, ದಿನಕ್ಕೊಂದರಂತೆ ಎಲ್ಲವನ್ನೂ ಹೊಸದಾಗಿ ಮಿಕ್ಸ್ ಮಾಡಿಸಿದರು. ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಅದು.

ಮನುಷ್ಯರನ್ನೂ ಹೀಗೆಯೇ ಹೊಂದಿಸಬಲ್ಲರೆಂಬುದು 1985ರ ಜನವರಿ 28ರ ರಾತ್ರಿ ಕಂಡಿತು. ಆಫ್ರಿಕಾದ ಬರಗಾಲಕ್ಕೆ ನೆರವು ಕೂಡಿಸಲು 'ವಿ ಆರ್ ದ ವರ್ಲ್ಡ್' ಹಾಡು. ಹಾಲಿವುಡ್‌ನ ಎ ಅಂಡ್ ಎಂ ಸ್ಟುಡಿಯೋದಲ್ಲಿ 40ಕ್ಕೂ ಹೆಚ್ಚು ಗಾಯಕರು, ಎಲ್ಲರೂ ತಾರೆಯರೇ. ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂಬ ಫಲಕ. ನೆಲಕ್ಕೆ ಟೇಪ್ ಅಂಟಿಸಿ ಯಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ಗುರುತಿಸಿಟ್ಟಿದ್ದರು. ಬಾಬ್ ಡಿಲನ್‌ಗೆ ತಮ್ಮ ಸಾಲನ್ನು ಹೇಗೆ ಹಾಡಬೇಕೆಂದೇ ಹೊಳೆಯಲಿಲ್ಲ. ಸ್ಟೀವಿ ವಂಡರ್ ಪಿಯಾನೋ ಮುಂದೆ ಕೂತು ಡಿಲನ್‌ನ ದನಿಯಲ್ಲೇ ಆ ಸಾಲು ಹಾಡಿ ತೋರಿಸಿದರು. ಕ್ವಿನ್ಸಿ ಗದ್ದಲ ತಗ್ಗಿಸಿ, ಡಿಲನ್‌ಗೆ ಬೇಕಾದಷ್ಟು ಸಮಯ ಕೊಟ್ಟು ಟೇಕ್ ತೆಗೆಸಿದರು. ಕೆಲಸ ಮುಗಿಯುವಾಗ ಬೆಳಗಾಗಿತ್ತು.